ಲಾಡ್ಜ್ ಕೌಂಟರಿನಲ್ಲಿ ಆಧಾರ್ ಕೊಡುವ ಮುನ್ನ

ಮಂತ್ರಾಲಯಕ್ಕೆ ಹೊರಟು ರಾಯಚೂರಿನಲ್ಲಿ ರಾತ್ರಿ ಉಳಿಯುವವರು, ಅಂಜನಾದ್ರಿ ಹತ್ತಲು ಬಂದು ಆನೆಗೊಂದಿ, ಸಾಣಾಪುರದ ಹೋಂಸ್ಟೇಗಳಲ್ಲಿ ತಂಗುವವರು, ಜೀನ್ಸ್ ಖರೀದಿಗೆ ಬಳ್ಳಾರಿಗೆ ಬರುವ ವ್ಯಾಪಾರಿಗಳು ಎಲ್ಲರೂ ಕೌಂಟರಿನಲ್ಲಿ ಮೊದಲು ತೆಗೆಯುವುದು ಆಧಾರ್ ಕಾರ್ಡನ್ನೇ. ಲಾಡ್ಜಿನವರು ಗುರುತಿನ ಚೀಟಿ ಕೇಳುವುದು ತಪ್ಪಲ್ಲ. ಪೊಲೀಸರು ಬಂದರೆ ರಿಜಿಸ್ಟರ್ ತೋರಿಸಬೇಕಾದವರು ಅವರೇ. ಆದರೆ ಅದಕ್ಕೆ ಆಧಾರೇ ಆಗಬೇಕೆಂದಿಲ್ಲ. ಡಿಎಲ್ ಅಥವಾ ವೋಟರ್ ಐಡಿ ಮೊದಲು ಮುಂದಿಡಿ. ಪ್ಯಾನ್ ಮಾತ್ರ ಬೇಡ: ವಿಳಾಸವಿಲ್ಲದ್ದರಿಂದ ಬಹಳ ಕಡೆ ಅದನ್ನು ಒಪ್ಪುವುದಿಲ್ಲ, ಮೇಲಾಗಿ ಸಾಲದ ಅರ್ಜಿಗಳು ನಡೆಯುವುದೇ ಆ ನಂಬರಿನ ಮೇಲೆ.

ಆಧಾರೇ ಬೇಕೆಂದರೆ

ಊರು ಬಿಡುವ ಮುನ್ನವೇ ಮಾಸ್ಕ್ಡ್ ಆಧಾರ್ ತೆಗೆದಿಟ್ಟುಕೊಳ್ಳಿ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನ ಮೈಆಧಾರ್ ಪೋರ್ಟಲ್‌ಗೆ ಆಧಾರ್ ನಂಬರ್ ಮತ್ತು ಒಟಿಪಿ ಕೊಟ್ಟು ಲಾಗಿನ್ ಆಗಿ, ಡೌನ್‌ಲೋಡ್ ಆಧಾರ್ ಒತ್ತಿ, ‘ಮಾಸ್ಕ್ಡ್ ಆಧಾರ್ ಬೇಕೇ’ ಎಂಬ ಚೌಕಕ್ಕೆ ಟಿಕ್ ಹಾಕಿ. ಬರುವ ಪಿಡಿಎಫ್‌ನಲ್ಲಿ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ. ಪಾಸ್‌ವರ್ಡ್: ಆಧಾರ್‌ನಲ್ಲಿರುವಂತೆ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರಗಳು ದೊಡ್ಡಕ್ಷರದಲ್ಲಿ, ಜತೆಗೆ ಹುಟ್ಟಿದ ಇಸವಿ. ನಿಮ್ಮ ಹೆಸರು, ವಯಸ್ಸು ಗೊತ್ತಿರುವ ಯಾರಾದರೂ ಈ ಬೀಗ ತೆಗೆಯಬಲ್ಲರು. ಪಾಸ್‌ವರ್ಡ್ ಇದೆಯಲ್ಲ ಎಂದು ಪೂರ್ತಿ ನಂಬರ್ ಇರುವ ಪಿಡಿಎಫ್ ಕಳಿಸಬೇಡಿ.

ಮೊಬೈಲ್ ಲಿಂಕ್ ಆಗಿಲ್ಲದಿದ್ದರೆ ಒಟಿಪಿ ಬರುವುದಿಲ್ಲ. ಆಗ ಜೆರಾಕ್ಸ್ ಪ್ರತಿಯ ಮೇಲೆ ಮೊದಲ 8 ಅಂಕಿಗಳನ್ನು ಕಪ್ಪು ಮಾರ್ಕರ್‌ನಿಂದ ಹೊಡೆದು, ಆ ಪ್ರತಿಯನ್ನೇ ಮತ್ತೊಮ್ಮೆ ಜೆರಾಕ್ಸ್ ಮಾಡಿಸಿ, ಎರಡನೆಯದನ್ನು ಕೊಡಿ. ಮೊದಲನೆಯದನ್ನು ಬೆಳಕಿಗೆ ಹಿಡಿದರೆ ಹಿಂಬದಿಯಿಂದ ಅಂಕಿಗಳು ಕಾಣುತ್ತವೆ. ನಂಬರ್ ಕಾರ್ಡಿನ ಎರಡೂ ಬದಿಗಳಲ್ಲಿರುತ್ತದೆ. ಮುಂದಿನದನ್ನು ಮುಚ್ಚಿ ಹಿಂದಿನದನ್ನು ಮರೆಯುವವರೇ ಜಾಸ್ತಿ. ಕೆಳಗೆ 16 ಅಂಕಿಯ ವಿಐಡಿ (ಆಧಾರ್ ನಂಬರಿನ ಬದಲು ಬಳಸುವ ಸಂಖ್ಯೆ) ಇದ್ದರೆ ಅದನ್ನೂ ಹೊಡೆಯಿರಿ. ಮೊಬೈಲಿನಲ್ಲಿ ಫೋಟೊದ ಮೇಲೆ ಮುಚ್ಚುವುದಾದರೆ ಹೈಲೈಟರ್ ಪೆನ್ ಬೇಡ. ಬ್ರೈಟ್‌ನೆಸ್ ಹೆಚ್ಚಿಸಿದರೆ ಅದರಡಿಯ ಅಂಕಿ ಓದಬಹುದು. ಗಟ್ಟಿ ಬಣ್ಣದ ಚೌಕ ಎಳೆಯಿರಿ, ಇಲ್ಲವೇ ಆ ಭಾಗವನ್ನೇ ಕತ್ತರಿಸಿ.

ಕೊನೆಗೆ ಪ್ರತಿಯ ಮೇಲೆ ಅಡ್ಡಡ್ಡ ಬರೆಯಿರಿ: ‘ಇಂಥ ಲಾಡ್ಜ್‌ನಲ್ಲಿ ತಂಗಲು ಮಾತ್ರ’, ದಿನಾಂಕ, ಸಹಿ. ಬರಹ ಫೋಟೊದ ಅಂಚನ್ನು ಹಾದುಹೋಗಲಿ, ಹೆಸರನ್ನು ಮುಚ್ಚದಿರಲಿ. ಮೂಲೆಯಲ್ಲಿ ಬರೆದದ್ದನ್ನು ಕತ್ತರಿಸಿ ಬೇರೆಡೆ ಬಳಸುವುದು ಸುಲಭ.

ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ

ಹೋಂಸ್ಟೇಯವರು ‘ಎಲ್ಲರ ಆಧಾರ್ ಹಾಕ್ರಿ ಸರ್’ ಎನ್ನುತ್ತಾರೆ. ಎಂಟು ಮಂದಿಯ ಕಾರ್ಡುಗಳು ಮೊದಲು ಫ್ಯಾಮಿಲಿ ಗ್ರೂಪಿಗೆ, ಅಲ್ಲಿಂದ ಮಾಲೀಕರಿಗೆ, ಅವರಿಂದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ. ಆಮೇಲೆ ನೀವು ಡಿಲೀಟ್ ಮಾಡಿದರೂ ಅಲ್ಲಿ ಸೇವ್ ಆದದ್ದು ಹೋಗುವುದಿಲ್ಲ. ‘ಬಂದಾಗ ತೋರಿಸ್ತೀವಿ’ ಎನ್ನಿ. ಬುಕಿಂಗಿಗೆ ಹೆಸರು, ಜನರ ಸಂಖ್ಯೆ, ಒಂದು ಮೊಬೈಲ್ ನಂಬರ್ ಸಾಕು.

ರೂಮಿನಲ್ಲಿ

ವೈಫೈ ಹೆಸರನ್ನು ಕೌಂಟರಿನಲ್ಲಿ ಕೇಳಿ ತಿಳಿದೇ ಸೇರಿಕೊಳ್ಳಿ. ಆದರೂ ಅದೇ ಹೆಸರಿನ ನಕಲಿ ಹಾಟ್‌ಸ್ಪಾಟ್ ಯಾರು ಬೇಕಾದರೂ ಮಾಡಬಹುದು. ಹಾಗಾಗಿ ಬ್ಯಾಂಕ್, ಯುಪಿಐ ಕೆಲಸಕ್ಕೆ ಮೊಬೈಲ್ ಡೇಟಾ ಬಳಸಿ. ಟಿವಿಯಲ್ಲಿ ನಿಮ್ಮ ಯೂಟ್ಯೂಬ್, ಒಟಿಟಿ ಖಾತೆ ತೆರೆದಿದ್ದರೆ ರೂಮ್ ಬಿಡುವಾಗ ಸೈನ್ ಔಟ್ ಆಗಿ.

ರಾತ್ರಿ ರೂಮ್ ಫೋನಿಗೆ ‘ರಿಸೆಪ್ಷನ್‌ನಿಂದ, ಪೇಮೆಂಟ್ ಫೇಲ್ ಆಗಿದೆ, ಕಾರ್ಡ್ ನಂಬರ್ ಹೇಳಿ’ ಎಂದು ಕರೆ ಬಂದರೆ ಇಟ್ಟುಬಿಡಿ, ಕೆಳಗಿಳಿದು ಕೇಳಿ. ಹಣ ವಾಪಸ್ ಬರಲು ಯುಪಿಐ ಪಿನ್ ಹಾಕಬೇಕೆನ್ನುವುದು ಅಪ್ಪಟ ಸುಳ್ಳು. ಪಿನ್ ಬೇಕಾಗುವುದು ಹೋಗುವ ಹಣಕ್ಕೆ, ಬರುವ ಹಣಕ್ಕಲ್ಲ.

ಈಗಾಗಲೇ ಕೊಟ್ಟಾಗಿದೆಯೇ?

ಬರೀ ಆಧಾರ್ ನಂಬರಿನಿಂದ ಖಾತೆಯ ಹಣ ಹೋಗದು. ಜತೆಗೆ ಬೆರಳಚ್ಚಿನ ನಕಲು ಸಿಕ್ಕರೆ ಹೋಗಬಹುದು. ಮೈಆಧಾರ್ ಪೋರ್ಟಲ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಒಂದೇ ತೊಡಕು: ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನ ಅನ್‌ಲಾಕ್ ಮಾಡಬೇಕು, ಇಲ್ಲದಿದ್ದರೆ ಮಷಿನ್ ತಿರಸ್ಕರಿಸುತ್ತದೆ. ಆಧಾರ್ ಎಲ್ಲೆಲ್ಲಿ ದೃಢೀಕರಣಗೊಂಡಿದೆ ಎಂಬ 6 ತಿಂಗಳ ಪಟ್ಟಿಯನ್ನೂ ನೋಡಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಗೊತ್ತಿಲ್ಲದ ನಂಬರಿದ್ದರೆ ‘ನನ್ನದಲ್ಲ’ ಎಂದು ಅಲ್ಲೇ ದೂರು ಕೊಡಿ. ಹಣ ಹೋಗಿದ್ದರೆ ಬೆಳಗಿನತನಕ ಕಾಯದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆದರಷ್ಟೇ ಸಿಕ್ಕೀತು.