‘ಬರೋಬರಿ’ ಎಂಬ ಒಂದು ಪದಕ್ಕಾಗಿ

ನನ್ನ ಮೊದಲ ಕವನ ಸಂಕಲನ ಬಂದದ್ದು 2017ರಲ್ಲಿ. ಬೇರೆ ಊರಿನ ಪ್ರಕಾಶಕರೊಬ್ಬರು ಮಾಡಿಕೊಟ್ಟಿದ್ದರು. ಪುಸ್ತಕದ ಕಟ್ಟು ಕಲಬುರಗಿ ಬಸ್‌ಸ್ಟ್ಯಾಂಡಿಗೆ ಬಂತು. ಮನೆಗೆ ಹೋಗುವ ತನಕ ತಡೆಯಲಾಗಲಿಲ್ಲ, ಅಲ್ಲೇ ಬೆಂಚಿನ ಮೇಲೆ ಕೂತು ದಾರ ಬಿಚ್ಚಿದೆ. ನಾನು ಬರೆದು ಕಳಿಸಿದ್ದ ಸಾಲು ಹೀಗಿತ್ತು:

ಬಿಸಲು ಬರೋಬರಿ ತಲಿಮ್ಯಾಲ
ತೊಗರಿ ರಾಶಿ ಕಾಲಬುಡಕ

ಅಚ್ಚಾಗಿ ಬಂದದ್ದು ಹೀಗೆ: ‘ಬಿಸಿಲು ಸರಿಯಾಗಿ ತಲೆಯ ಮೇಲೆ, ತೊಗರಿಯ ರಾಶಿ ಕಾಲ ಕೆಳಗೆ.’

ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಕರಡು ಪುಟ ನೋಡಿದವರು ಒಳ್ಳೆಯ ಮನಸ್ಸಿನಿಂದಲೇ ತಿದ್ದಿದ್ದರು. ಅರ್ಥ ಎಲ್ಲೂ ಕೆಟ್ಟಿರಲಿಲ್ಲ. ಆದರೆ ಅದು ನಮ್ಮ ಅವ್ವನ ಮಾತು. ಸಂಕ್ರಾಂತಿಯ ಆಸುಪಾಸು ಹೊಲದಲ್ಲಿ ರಾಶಿ ಮಾಡುವಾಗ, ಬುತ್ತಿ ಬಿಚ್ಚುವ ಮುಂಚೆ, ಮೇಲೆ ನೋಡಿ ಹಾಗೆ ಅನ್ನುತ್ತಿದ್ದಳು. ‘ಸರಿಯಾಗಿ’ ಅಂತ ಅವಳು ಒಂದು ದಿನವೂ ಅಂದಿಲ್ಲ. 64 ಪುಟದಲ್ಲಿ ಅಂಥ 90ಕ್ಕೂ ಹೆಚ್ಚು ತಿದ್ದುಪಡಿ ಎಣಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ನಮಗೆ ‘ಕವಿರಾಜಮಾರ್ಗ’ ಪಾಠವಿತ್ತು. 9ನೇ ಶತಮಾನದ ಪುಸ್ತಕ. ಅದು ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಊರು. ಕನ್ನಡದ ದೇಸಿಗಳು, ಅಂದರೆ ಊರೂರಿನ ಆಡುಮಾತುಗಳು ಬೇರೆ ಬೇರೆ, ನಾಗರಾಜ ವಾಸುಕಿಗೂ ಅವೆಲ್ಲ ತಿಳಿಯದೆ ಬೇಸರ ಬರುತ್ತದೆ ಎನ್ನುವ ಮಾತು ಅದರಲ್ಲಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಆ ಪದ್ಯ ಅವತ್ತು ರಾತ್ರಿ ಮತ್ತೆ ನೆನಪಾಯಿತು. ನಮ್ಮ ದೇಸಿಯನ್ನು ನಾವೇ ಅಚ್ಚು ಹಾಕಬೇಕು ಅನ್ನಿಸಿತು. ಪ್ರಕಾಶನ ಶುರುವಾದದ್ದು ಹಾಗೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಸಂಜೆ ಮತ್ತು ಭಾನುವಾರ ಪ್ರಕಾಶನದ ಕೆಲಸ. ಆಫೀಸು ಅಂತ ಬೇರೆ ಇಲ್ಲ, ಮನೆಯ ಹೊರಕೋಣೆಯೇ ಎಲ್ಲ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯ ಬಗ್ಗೆ ಬಹಳ ಜನ ಹೆದರಿಸಿದ್ದರು. ಅದಕ್ಕೆ ದುಡ್ಡು ಬೇಕಿಲ್ಲ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿಯೇ ಕೊಡುತ್ತದೆ. ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ನ್ಯಾಷನಲ್ ಲೈಬ್ರರಿಗೆ ಒಂದು ಪ್ರತಿ ಕಳಿಸಬೇಕು. 1954ರ ಕಾನೂನು ಅದು. ತಪ್ಪಿಸಬೇಡಿ. ನಮ್ಮ ಊರಿನ ಮಾತು ಅಲ್ಲಿನ ಕಪಾಟಿನಲ್ಲಿ ಉಳಿಯುತ್ತದೆ ಅನ್ನುವುದು ಸಣ್ಣ ಸಂಗತಿ ಅಲ್ಲ.

ನಿಜವಾದ ಕಷ್ಟ ಡಿಟಿಪಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವಲ್ಲಿ. ಕವಿಗಳು ಈಗ ಮೊಬೈಲಿನಲ್ಲಿ ಯುನಿಕೋಡ್‌ನಲ್ಲಿ ಬರೆಯುತ್ತಾರೆ. ನಾನು ಹೋಗುವ ಡಿಟಿಪಿ ಅಂಗಡಿಯಲ್ಲಿ ಇರುವುದು ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ ಮತ್ತು ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವತ್ತು ಜಾಗ ಬಿಟ್ಟು ಕೂರುತ್ತದೆ. ಸಾಲಿನ ಮುಂದೆ ಕವಿ ಬೇಕೆಂದೇ ಬಿಟ್ಟ ಜಾಗ ಮಾಯವಾಗುತ್ತದೆ. ಕಥೆ ಪುಸ್ತಕದಲ್ಲಿ ಇದು ನಡೆದೀತು, ಕವಿತೆಯಲ್ಲಿ ಆ ಜಾಗವೂ ಉಸಿರು ಅಲ್ವಾ? ಅದಕ್ಕೆ ಪ್ರತಿ ಕವಿತೆಯನ್ನೂ ಕೈಯಲ್ಲಿ ಬರೆದು ಪಕ್ಕಕ್ಕೆ ಇಟ್ಟುಕೊಳ್ಳುತ್ತೇನೆ. ಸ್ಕ್ರೀನ್ ಮೇಲಿನ ಪುಟವನ್ನು ಅದರ ಜೊತೆ ಒಂದೊಂದು ಸಾಲು ಹೋಲಿಸುತ್ತೇನೆ.

ಮೊದಲ ಸಲ ಡಿಟಿಪಿ ಹುಡುಗ ಕೇಳಿದ, “ಅಕ್ಕೋರ, ಇಲ್ಲಿ ‘ತಲಿ’ ಅಂತ ಅದರಿ. ‘ತಲೆ’ ಮಾಡ್ಲೇನ್ರಿ?”

“ನಿಮ್ಮ ಮನ್ಯಾಗ ಏನಂತೀರಿ ತಮ್ಮಾ?”

“ತಲಿನೇ ಅಂತೀವ್ರಿ.”

“ಮತ್ತ ಹಂಗೇ ಇರಲಿ.”

ಅವನು ಸ್ವಲ್ಪ ಹೊತ್ತು ಸುಮ್ನೆ ಸ್ಕ್ರೀನ್ ನೋಡಿದ. ಆಮೇಲೆ ಉಳಿದ ಪುಟಗಳನ್ನು ಜೋರಾಗಿ ಓದುತ್ತಾ ಟೈಪ್ ಮಾಡಿದ. ಈಗ ನನಗಿಂತ ಮೊದಲು ತಪ್ಪು ಹಿಡಿಯುವವನು ಅವನೇ.

ಪ್ರೂಫ್‌ಗೆ ನಾನು ಮಾಡಿಕೊಂಡ ಕ್ರಮ ಇಷ್ಟು. ಕವಿ ಎದುರಿಗೆ ಕೂತು ಜೋರಾಗಿ ಓದಬೇಕು. ನಾನು ಪೆನ್ನು ಹಿಡಿದು ಪ್ರೂಫ್ ಮೇಲೆ ಕಣ್ಣಾಡಿಸುತ್ತೇನೆ. ಬಾಯಿಂದ ಬಂದದ್ದು ಒಂದು, ಹಾಳೆಯಲ್ಲಿ ಇರುವುದು ಒಂದು ಆದರೆ ಅಲ್ಲೇ ನಿಲ್ಲುತ್ತೇವೆ. ಒಂದೇ ಕವಿತೆಯಲ್ಲಿ ‘ಮ್ಯಾಲ’ ಮತ್ತು ‘ಮ್ಯಾಗ’ ಎರಡೂ ಬಂದರೆ ಯಾವುದು ಬೇಕು ಅಂತ ಕೇಳುತ್ತೇನೆ. ಒಮ್ಮೊಮ್ಮೆ ಎರಡೂ ಬೇಕಾಗಿರುತ್ತವೆ, ಮಾತಾಡುವವರು ಬೇರೆ ಬೇರೆ ಇರುತ್ತಾರೆ. ಮುಟ್ಟಬಾರದ ಪದಗಳ ಒಂದು ಪಟ್ಟಿ ಬರೆದು ಡಿಟಿಪಿಗೂ ಪ್ರೆಸ್ಸಿಗೂ ಕೊಡುತ್ತೇನೆ. ಹೀಗಾಗಿ 80 ಪುಟಕ್ಕೆ ನಾಲ್ಕು ಭಾನುವಾರ ಬೇಕು. ಅವಸರ ಇದ್ದವರಿಗೆ ಬೇರೆ ಕಡೆ ಹೋಗಿ ಅಂತ ನೇರವಾಗಿ ಹೇಳಿಬಿಡುತ್ತೇನೆ.

ಇನ್ನು ದುಡ್ಡಿನ ಮಾತು. ಡೆಮಿ 1/8 ಅನ್ನುವ ಪುಸ್ತಕದ ಅಳತೆಯಲ್ಲಿ ಒಂದು ಫಾರಂಗೆ, ಅಂದರೆ ಮಡಚುವ ಒಂದು ದೊಡ್ಡ ಹಾಳೆಗೆ 16 ಪುಟ. 80 ಪುಟಕ್ಕೆ 5 ಫಾರಂ. 300 ಪ್ರತಿಗೆ 1,500 ಹಾಳೆ, ಅಂದರೆ 3 ರೀಮ್. ಹಾಳಾಗುವುದಕ್ಕೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಬೇಕು. ನಮ್ಮ ಪ್ರಕಾಶನದ ಮೊದಲ ಪುಸ್ತಕಕ್ಕೆ 70 ಜಿಎಸ್‌ಎಂನ ತೆಳು ಕಾಗದ ಹಾಕಿದ್ದೆ. ಕವಿತೆಯ ಪುಟದಲ್ಲಿ ಖಾಲಿ ಜಾಗ ಹೆಚ್ಚು, ಹಿಂದಿನ ಪುಟದ ಅಕ್ಷರ ಆ ಖಾಲಿಯಲ್ಲಿ ನೆರಳಿನ ಹಾಗೆ ಕಾಣುತ್ತಿತ್ತು. ಎರಡನೆಯದಕ್ಕೆ 80 ಹಾಕಿದೆ.

ಆ ಮೊದಲ ಪುಸ್ತಕಕ್ಕೆ ಎಲ್ಲ ಸೇರಿ 21,600 ರೂಪಾಯಿ ಖರ್ಚು, ಒಂದು ಪ್ರತಿಗೆ 72. ಬೆಲೆ 100 ಇಟ್ಟೆ. ಪುಸ್ತಕದಂಗಡಿಯವರು ಕೇಳಿದ ಕಮಿಷನ್ ನೂರಕ್ಕೆ 40. ಕೊಟ್ಟರೆ ನನಗೆ ಉಳಿಯುವುದು 60, ಪ್ರತಿ ಪುಸ್ತಕಕ್ಕೂ 12 ರೂಪಾಯಿ ಕೈಯಿಂದ ಹೋಗುತ್ತದೆ. ಬೆಲೆ 150 ಮಾಡಿ ಅಂದವರಿದ್ದಾರೆ. ಆದರೆ ನಮ್ಮ ಕಡೆ ಕಾಲೇಜು ಹುಡುಗರು 100 ಅಂದರೆ ಕಿಸೆಗೆ ಕೈ ಹಾಕುತ್ತಾರೆ, 150 ಅಂದರೆ ಪುಸ್ತಕ ಸವರಿ ಇಟ್ಟು ಹೋಗುತ್ತಾರೆ. ಆ ಹುಡುಗರನ್ನು ಬಿಟ್ಟು ನಾನು ಯಾರಿಗಾಗಿ ಅಚ್ಚು ಹಾಕಲಿ? ಅದಕ್ಕೆ ನೇರ ಮಾರಾಟ ಮಾತ್ರ. ನನ್ನ ಕೈಯಿಂದ ಎಷ್ಟು ಜನಕ್ಕೆ ಮುಟ್ಟಿಸಬಲ್ಲೆನೋ ಅಷ್ಟೇ ಪ್ರತಿ. ಗ್ರಂಥಾಲಯಗಳ ಸಗಟು ಖರೀದಿ ನಂಬಿ 1,000 ಹಾಕಿದವರ ಮನೆಯಲ್ಲಿ ಗೆದ್ದಲು ಹಿಡಿದ ಕಟ್ಟುಗಳನ್ನು ನೋಡಿದ್ದೇನೆ. ಬಂದರೆ ಒಳ್ಳೆಯದು, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪುಸ್ತಕ ಕೈಗೆ ಬಂದದ್ದು 2020ರ ಜನವರಿಯಲ್ಲಿ. ಫೆಬ್ರವರಿ 5ರಿಂದ 7ರವರೆಗೆ ಕಲಬುರಗಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ. ಗೆಳತಿಯ ಮಳಿಗೆಯಲ್ಲಿ ಅರ್ಧ ಮೇಜು ಸಿಕ್ಕಿತು. ಆಳಂದ ಕಡೆಯ ಒಬ್ಬ ರೈತರು ನಿಂತಲ್ಲೇ ಎರಡು ಕವಿತೆ ಓದಿದರು. “ಇದು ನಮ್ಮ ಮಾತಿನಾಗೇ ಅದಲ್ರಿ” ಅಂದು ಮೂರು ಪ್ರತಿ ಕೊಂಡರು. ಮೂರು ದಿನಕ್ಕೆ 112 ಹೋದವು. ಮುಂದಿನ ತಿಂಗಳೇ ನಮ್ಮ ಊರಿನವರೊಬ್ಬರು ತೀರಿಕೊಂಡರು, ಅದು ದೇಶದ ಮೊದಲ ಕೋವಿಡ್ ಸಾವು. ಆಮೇಲೆ ಲಾಕ್‌ಡೌನ್. ಉಳಿದ ಪ್ರತಿಗಳು ಮಂಚದ ಕೆಳಗೆ ಸೇರಿದವು. ದಿನಾ ರಾತ್ರಿ ಒಂದು ಕವಿತೆ ಓದಿ ವಾಟ್ಸ್ಆ್ಯಪ್‌ನಲ್ಲಿ ದನಿ ಕಳಿಸತೊಡಗಿದೆ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ನಮ್ಮವರು ಅದನ್ನು ಹಂಚಿಕೊಂಡರು. ಅಂಚೆ ಮತ್ತೆ ಸರಿಯಾಗಿ ನಡೆಯಲು ಶುರುವಾದಾಗ ವಿಳಾಸಗಳ ಒಂದು ನೋಟ್‌ಬುಕ್ಕೇ ತುಂಬಿತ್ತು. ಇವತ್ತಿಗೂ ನನ್ನ ಮಾರಾಟದ ಬುನಾದಿ ಆ ನೋಟ್‌ಬುಕ್ಕು.

ಇಲ್ಲಿಯವರೆಗೆ ಆರು ಪುಸ್ತಕ ತಂದಿದ್ದೇನೆ, ನಾಲ್ಕು ಬೇರೆಯವರವು. ಕವಿಗಳಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. 30 ಪ್ರತಿ ಗೌರವವಾಗಿ ಕೊಡುತ್ತೇನೆ. ಒಂದು ಪುಸ್ತಕದ ದುಡ್ಡು ಮರಳಿದ ಮೇಲೆಯೇ ಮುಂದಿನದು, ಅದಕ್ಕೆ ವರ್ಷಕ್ಕೆ ಒಂದು.

ಈಗ ಮೇಜಿನ ಮೇಲೆ ಯಾದಗಿರಿ ಕಡೆಯ ಒಬ್ಬ ಹುಡುಗಿಯ ಕವಿತೆಗಳ ಎರಡನೇ ಪ್ರೂಫ್ ಇದೆ. 41ನೇ ಪುಟದಲ್ಲಿ ನಾನು ಎಲ್ಲೂ ಕೇಳದ ಒಂದು ಪದ ಬಂದಿದೆ. ಟೈಪಿಂಗ್ ತಪ್ಪೋ, ಅವರ ಊರಿನ ಮಾತೋ ಗೊತ್ತಾಗಲಿಲ್ಲ. ಫೋನ್ ಮಾಡಿದೆ. “ನಮ್ಮ ಅಜ್ಜಿ ಅಂತಿದ್ಳರಿ ಅಕ್ಕಾ, ಅವ್ವನ್ನ ಕೇಳಿ ಹೇಳ್ತೀನಿ” ಅಂದಳು. ಪದದ ಸುತ್ತ ಪೆನ್ಸಿಲ್ಲಿನಿಂದ ಗೆರೆ ಹಾಕಿ ಇಟ್ಟಿದ್ದೇನೆ. ಭಾನುವಾರ ತಾಯಿಯನ್ನೂ ಕರೆದುಕೊಂಡು ಬರುತ್ತಾಳಂತೆ.