ನಾಲ್ಕು ಅಂತಸ್ತಿನ ಸೊಪ್ಪು: ಉಳಿಸಿದ ಜಾಗ ಎಲ್ಲಿಗೆ ಹೋಯಿತು?

ಆರಡಿ ಉದ್ದ, ಎರಡಡಿ ಅಗಲ. ಒಂದು ಮಂಚಕ್ಕೂ ಸಾಲದ ಜಾಗ. ಬೆಂಗಳೂರಿನ ಮನೆಯ ಕೋಣೆಯಲ್ಲಿ ಇಷ್ಟರಲ್ಲೇ ನಾಲ್ಕು ಅಂತಸ್ತು ಎಬ್ಬಿಸಿ, ಮಣ್ಣಿಲ್ಲದೆ ಗೊಬ್ಬರ ಬೆರೆಸಿದ ನೀರು ಹರಿಸಿ, 108 ಲೆಟ್ಯೂಸ್ ಬೆಳೆಯುತ್ತೇನೆ. ಹೊಲ ಸಾಲದ ಕಾಲಕ್ಕೆ ಇದೇ ದಾರಿಯೇ ಎಂದು ಕೇಳುವವರಿಗೆ ಮೊದಲು ಕಟ್ಟಿದ ಬಗೆ ಹೇಳಿ, ಆಮೇಲೆ ಲೆಕ್ಕ ಕೊಡುತ್ತೇನೆ.

ಚೌಕಟ್ಟಿಗೆ ಸ್ಲಾಟೆಡ್ ಆ್ಯಂಗಲ್, ಅಂದರೆ ಉದ್ದಕ್ಕೂ ತೂತಿರುವ ಕಬ್ಬಿಣದ ಪಟ್ಟಿ. ಮೊದಲ ಅಂತಸ್ತು ನೆಲದಿಂದ 1 ಅಡಿ ಮೇಲೆ, ಅಲ್ಲಿಂದ 18 ಇಂಚಿಗೊಂದು. ಒಂದೊಂದರಲ್ಲೂ ನೀರು ಹರಿಯುವ ಆರಡಿಯ ಮೂರು ಚಾನೆಲ್ (ಕೊಳವೆ), ಗಿಡ ಕೂರಿಸಲು 8 ಇಂಚಿಗೊಂದು ತೂತು: ಅಂತಸ್ತಿಗೆ 27 ಗಿಡ. ಚಾನೆಲ್‌ನ ಒಂದು ತುದಿ ಇನ್ನೊಂದಕ್ಕಿಂತ 4.5 ಸೆಂ.ಮೀ. ತಗ್ಗಿರಬೇಕು. ಇಳಿಜಾರು ಕಡಿಮೆಯಾದರೆ ನೀರು ನಡುವೆ ನಿಂತು ಬೇರು ಕೊಳೆಯುತ್ತದೆ. ಬಳಸಿದ ನೀರು ತಾನಾಗಿಯೇ ಟ್ಯಾಂಕಿಗೆ ಇಳಿಯಬೇಕಾದ್ದರಿಂದ ಎತ್ತರದ ನೀಲಿ ಡ್ರಮ್ ಇಲ್ಲಿ ಬೇಡ, ಕೆಳ ಅಂತಸ್ತಿನ ನೀರು ಅದಕ್ಕೆ ಹತ್ತುವುದಿಲ್ಲ. 10 ಇಂಚಿಗಿಂತ ಕುಳ್ಳಗಿರುವ 100 ಲೀಟರ್ ಟಬ್ಬನ್ನು ಕೆಳಗೆ ತಳ್ಳಿ, ಬೆಳಕು ನುಸುಳದಂತೆ ಮುಚ್ಚಳ ಹಾಕಿ. ಬೆಳಕು ಬಿದ್ದರೆ ವಾರದೊಳಗೆ ಪಾಚಿ.

ಚಾನೆಲ್‌ಗೆ ನಿಮಿಷಕ್ಕೆ ಒಂದೂವರೆ ಲೀಟರ್ ಬೇಕು. ಹನ್ನೆರಡು ಚಾನೆಲ್‌ಗೆ ಗಂಟೆಗೆ ಸುಮಾರು 1,100 ಲೀಟರ್. ಪಂಪಿನ ಡಬ್ಬದ ಮೇಲೆ ಅಚ್ಚಾದ ಸಂಖ್ಯೆ ನಂಬಿ ಕೊಳ್ಳಬೇಡಿ, ಅದು ನೀರನ್ನು ಮೇಲೆತ್ತದೆ ಅಳೆದದ್ದು. ಆರಡಿ ಏರಿದ ಮೇಲೆ ಎಷ್ಟು ಬರುತ್ತದೆಂದು ಬಕೆಟ್ಟಿಗೆ ಬಿಟ್ಟು ನೋಡಿ.

ಗೊಬ್ಬರ, 100 ಲೀಟರಿಗೆ: ಕ್ಯಾಲ್ಸಿಯಂ ನೈಟ್ರೇಟ್ 70 ಗ್ರಾಂ, 13-0-45 (ಪೊಟ್ಯಾಸಿಯಂ ನೈಟ್ರೇಟ್) 35, 0-52-34 (ಮೊನೊ ಪೊಟ್ಯಾಸಿಯಂ ಫಾಸ್ಫೇಟ್) 20, ಮೆಗ್ನೀಷಿಯಂ ಸಲ್ಫೇಟ್ 40, ಶೇ. 12ರ ಕಬ್ಬಿಣದ ಇಡಿಟಿಎ (ನೀರಿನಲ್ಲಿ ಕರಗುವ ಕಬ್ಬಿಣ) ಒಂದೂಮುಕ್ಕಾಲು ಗ್ರಾಂ, ಜೊತೆಗೆ ಚಿಟಿಕೆ ಲಘು ಪೋಷಕಾಂಶ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಒಂದು ಕ್ಯಾನಿನಲ್ಲಿ, ಉಳಿದವು ಇನ್ನೊಂದರಲ್ಲಿ. ಗಟ್ಟಿ ದ್ರಾವಣದಲ್ಲೇ ಒಟ್ಟಿಗೆ ಬೆರೆಸಿದರೆ ಕ್ಯಾಲ್ಸಿಯಂ ಸುಣ್ಣದಂತೆ ತಳ ಸೇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಆರ್‌ಒ ನೀರಿಗೆ ಈ ಅಳತೆಯಲ್ಲಿ ಹಾಕಿದರೆ ಇಸಿ (ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರುವ ಅಳತೆ) 1.5ರ ಆಸುಪಾಸು ಬರುತ್ತದೆ. ಗಡಸು ಕೊಳವೆಬಾವಿ ನೀರಾದರೆ ಗೊಬ್ಬರಕ್ಕೆ ಮೊದಲೇ ಇಸಿ ಏರಿ ಕೂತಿರುತ್ತದೆ, ಪಿಎಚ್ (ಹುಳಿ-ಕ್ಷಾರದ ಅಳತೆ) ಕೂಡ ದಿನದಿನಕ್ಕೆ ಹತ್ತುತ್ತದೆ. ಫಾಸ್ಫಾರಿಕ್ ಆಸಿಡ್ ಹನಿ ಹನಿ ಬಿಟ್ಟು 5.8ರಿಂದ 6.2ರೊಳಗೆ ಇಡಿ. ಬಲಿತ 108 ಗಿಡ ದಿನಕ್ಕೆ ಹತ್ತು ಲೀಟರಿನಷ್ಟು ಕುಡಿಯುತ್ತವೆ, ಆದ್ದರಿಂದ ಟಬ್ಬಿಗೆ ನಿತ್ಯ ನೀರು ಸೇರಿಸಬೇಕು.

ಕೆಡುವುದು ಹೆಚ್ಚಾಗಿ ಮೂರು ಕಡೆ. ಟಬ್ಬಿನ ನೀರು 26 ಡಿಗ್ರಿ ದಾಟಿದರೆ ಬೇರು ಕಂದಾಗಿ ಲೋಳೆಯಾಗುತ್ತದೆ, ಪಿಥಿಯಂ ಎಂಬ ಶಿಲೀಂಧ್ರದಂಥ ರೋಗಾಣುವಿನ ಕೆಲಸ. 20 ಡಿಗ್ರಿಯಲ್ಲಿ ಲೀಟರ್ ನೀರು 9 ಮಿ.ಗ್ರಾಂ ಆಮ್ಲಜನಕ ಹಿಡಿದರೆ 30ರಲ್ಲಿ ಏಳೂವರೆ ಅಷ್ಟೆ. ಒಳ ಎಲೆಯ ಅಂಚು ಸುಟ್ಟಂತೆ ಕಂಡರೆ ಗೊಬ್ಬರ ಹೆಚ್ಚಿಸಲು ಹೋಗಬೇಡಿ. ಕ್ಯಾಲ್ಸಿಯಂ ಟಬ್ಬಿನಲ್ಲಿದೆ, ಗಾಳಿ ಆಡದೆ ಎಳೆ ಎಲೆಗೆ ತಲುಪಿಲ್ಲ. ಅಂತಸ್ತಿಗೊಂದು ಸಣ್ಣ ಫ್ಯಾನ್ ಸಾಕು. ಮೂರನೆಯದು ಕರೆಂಟು ಹೋಗುವುದು: ಚಾನೆಲ್‌ನಲ್ಲಿ ಇರುವುದೇ ತೆಳು ನೀರು, ಒಂದೆರಡು ಗಂಟೆಯಲ್ಲಿ ಗಿಡ ಬಾಡುತ್ತದೆ. ದೀಪ ಆರಿದರೆ ಆರಲಿ, ಪಂಪ್ ಮಾತ್ರ ಯುಪಿಎಸ್ ಮೇಲಿರಲಿ.

ಇನ್ನು ಲೆಕ್ಕ. ಅಂತಸ್ತಿಗೆ 100 ವ್ಯಾಟ್ ಗ್ರೋ ಲೈಟ್, ನಾಲ್ಕಕ್ಕೆ 400. ದಿನಕ್ಕೆ 16 ಗಂಟೆ ಉರಿದರೆ 6.4 ಯೂನಿಟ್. ಆ 400 ವ್ಯಾಟೂ ಕೊನೆಗೆ ಕೋಣೆಯ ಬಿಸಿಯೇ. ಅದನ್ನು ಹೊರಗೆ ದಬ್ಬಲು ಎಸಿಗೆ ಎರಡು ಯೂನಿಟ್, ಪಂಪಿಗೆ ಒಂದು. ಎಲ್ಲ ಸೇರಿ ಸುಮಾರು ಒಂಬತ್ತೂವರೆ. ಸಸಿ ನಾಟಿ ಮಾಡಿ 25 ದಿನಕ್ಕೆ 100 ಗಿಡ ಕೈಗೆ ಬಂದರೆ, ತಲಾ 125 ಗ್ರಾಂನಂತೆ ಹನ್ನೆರಡೂವರೆ ಕೆ.ಜಿ. ಕೆ.ಜಿ.ಗೆ 19 ಯೂನಿಟ್! ಯೂನಿಟ್‌ಗೆ 8 ರೂಪಾಯಿ ಹಿಡಿದರೆ ಕರೆಂಟೇ 152 ರೂಪಾಯಿ. ಲೆಟ್ಯೂಸ್ ಕೊಳ್ಳುವ ಹೋಟೆಲಿನವರು ಈ ಬೆಲೆ ತಾಳಿಕೊಳ್ಳಬಹುದು, ಹರಿವೆ, ಮೆಂತ್ಯ ಕೊಳ್ಳುವವರು ತಾಳರು. ಅಮೆರಿಕದಲ್ಲಿ ಹೀಗೆ ಅಂತಸ್ತು ಕಟ್ಟಿ ಸೊಪ್ಪು ಬೆಳೆದ ದೊಡ್ಡ ಬಂಡವಾಳದ ಕಂಪನಿಗಳಲ್ಲಿ ಏರೋಫಾರ್ಮ್ಸ್ 2023ರಲ್ಲಿ ದಿವಾಳಿ ರಕ್ಷಣೆ ಕೇಳಿತು, ಬೋವರಿ 2024ರಲ್ಲಿ ಬಾಗಿಲು ಹಾಕಿತು.

ಸೋಲಾರ್ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಇಲ್ಲಿನ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ, ಹತ್ತಿರ ಹತ್ತಿರ 100 ಚದರಡಿ ಚಾವಣಿ ಕೇಳುತ್ತದೆ. ಒಂಬತ್ತೂವರೆ ಯೂನಿಟ್‌ಗೆ 240 ಚದರಡಿ. ಒಳಗೆ ಗಿಡ ಇರುವ ಒಟ್ಟು ಹರವೇ 48 ಚದರಡಿ! ಗಿಡದ ಹರವಿನ ಐದು ಪಟ್ಟು ಚಾವಣಿ ಬೇಕಾಯಿತು, ಕೋಣೆಯಲ್ಲಿ ಉಳಿಸಿದ ಜಾಗವನ್ನು ಅದೇ ನುಂಗಿತು. ಸಿಂಗಪುರದ ಸ್ಕೈ ಗ್ರೀನ್ಸ್ ಕಂಪನಿ ಕಟ್ಟಿದ ಗೋಪುರಗಳಲ್ಲಿ ಗಿಡದ ತಟ್ಟೆಗಳು ಮೇಲೆ ಕೆಳಗೆ ಸುತ್ತುತ್ತ ಸರದಿಯಂತೆ ಬಿಸಿಲು ಹಂಚಿಕೊಳ್ಳುವಂತೆ ಮಾಡಿದ್ದು ಈ ಖರ್ಚು ತಪ್ಪಿಸಲೆಂದೇ.

ರಾಗಿಯ ಲೆಕ್ಕ ಇನ್ನೂ ಕಠಿಣ. ಒಂದು ಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಅಳತೆ) ಬೆಳಕಿಗೆ ಒಂದು ಗ್ರಾಂ ಒಣ ತೂಕ ಬಂತೆನ್ನಿ, ಅರ್ಧ ಹುಲ್ಲಿಗೆ ಹೋಗುತ್ತದೆ. ಕೆ.ಜಿ. ಕಾಳಿಗೆ 2,000 ಮೋಲ್. ಒಳ್ಳೆಯ ಎಲ್‌ಇಡಿ ಒಂದು ಯೂನಿಟ್‌ನಲ್ಲಿ ಸುಮಾರು ಹತ್ತು ಮೋಲ್ ಕೊಡುತ್ತದೆ. ಅಂದರೆ 200 ಯೂನಿಟ್, ಒಂದು ಕೆ.ಜಿ. ರಾಗಿಗೆ 1,600 ರೂಪಾಯಿ.

ಅಂತಸ್ತು ಕಟ್ಟುವುದು ನಮ್ಮ ರೇಷ್ಮೆ ಬೆಳೆಗಾರರಿಗೆ ಹೊಸದೇನಲ್ಲ. ತಟ್ಟೆಯ ಮೇಲೆ ತಟ್ಟೆ ಇಟ್ಟು ಹುಳು ಸಾಕುತ್ತಾರೆ, ಬಿಸಿಲು ಕುಡಿದ ಸೊಪ್ಪು ಹೊಲದಿಂದ ಬರುತ್ತದೆ. ಅದೇ ನ್ಯಾಯ ಅಣಬೆಗೂ. ಹುಲ್ಲು ಹೊಲದ್ದು, ಅಣಬೆಗೆ ಮಂದ ಬೆಳಕಾದರೂ ಆಗುತ್ತದೆ. ಇದೇ ಚೌಕಟ್ಟಿಗೆ ಬೇಯಿಸಿ ಆರಿಸಿ ಅಣಬೆ ಬೀಜ ಬೆರೆಸಿದ ಭತ್ತದ ಹುಲ್ಲಿನ ಚೀಲ ಜೋಡಿಸಿ, ಗಾಳಿಯಲ್ಲಿ ಶೇ. 80ಕ್ಕೆ ಮೇಲ್ಪಟ್ಟು ತೇವ, 22ರಿಂದ 28 ಡಿಗ್ರಿ ಕಾಯ್ದುಕೊಂಡರೆ ಸಿಂಪಿ ಅಣಬೆ ಬರುತ್ತದೆ. ಮಲಗುವ ಮನೆಯಲ್ಲಿ ಮಾತ್ರ ಬೇಡ. ಕೊಡೆ ಪೂರ್ತಿ ಬಿಚ್ಚಿದರೆ ಬೀಜಕಣ ಉದುರಿ ಕೆಮ್ಮು ಹಿಡಿಯುತ್ತದೆ. ಅಂಚು ಇನ್ನೂ ಒಳಕ್ಕೆ ಮಡಿಚಿರುವಾಗಲೇ, ಮಾಸ್ಕ್ ಹಾಕಿಕೊಂಡು ಕೀಳಿ.