ಜಪಾನಿಗೆ ಹೊಸದಾಗಿ ಬಂದ ಕನ್ನಡಿಗರಿಗೆ: ನೆನ್ಕಿನ್, ನೀಸಾ, ಇಡೆಕೊ ಮತ್ತು ಊರಿನ ದುಡ್ಡು

ಜಪಾನಿನಲ್ಲಿ ಕೆಲಸಕ್ಕೆ ಸೇರಿದವರು ಮೊದಲ ಸಂಬಳದ ಚೀಟಿ ನೋಡಿ ಕೇಳುವುದು ಒಂದೇ: ನೆನ್ಕಿನ್ (ಪಿಂಚಣಿ ಕಂತು) ಅಂತ ಇಷ್ಟು ಹಿಡಿದಿದ್ದಾರಲ್ಲ, ಇದು ವಾಪಸ್ ಬರುತ್ತದಾ? ಬರುತ್ತದೆ. ಆದರೆ ವಾಪಸ್ ತೆಗೆದುಕೊಳ್ಳುವುದು ಲಾಭವೋ ನಷ್ಟವೋ ಎಂಬುದು ನೀವು ಎಷ್ಟು ವರ್ಷ ಕಟ್ಟಿದ್ದೀರಿ ಎಂಬುದರ ಮೇಲಿದೆ. ಇಲ್ಲೇ ನಿಲ್ಲುತ್ತೇವೋ ಊರಿಗೆ ಮರಳುತ್ತೇವೋ ಎಂದು ಮೊದಲ ವರ್ಷಗಳಲ್ಲಿ ಯಾರಿಗೂ ಖಚಿತವಿರುವುದಿಲ್ಲ. ಹಾಗಾಗಿ ಎರಡಕ್ಕೂ ಹೊಂದುವಂತೆ ಉಳಿತಾಯ ಮಾಡಿ. ಹಿಂತೆಗೆಯಲಾಗದ ತೀರ್ಮಾನಗಳನ್ನು ಕೊನೆಗೆ ಇಟ್ಟುಕೊಳ್ಳಿ.

ನೆನ್ಕಿನ್

ಕಂಪನಿ ನೌಕರರಿಗೆ ಕೋಸೆಯ್ ನೆನ್ಕಿನ್ ಇರುತ್ತದೆ. ಇದರ ದರ ಸಂಬಳದ ಶೇ. 18.3, ಅರ್ಧ ನಿಮ್ಮದು, ಅರ್ಧ ಕಂಪನಿಯದು. ಕಂಪನಿಯ ಆಶ್ರಯವಿಲ್ಲದ 20ರಿಂದ 59 ವಯಸ್ಸಿನವರು, ಓದಲು ಬಂದವರೂ ಸೇರಿ, ಕೊಕುಮಿನ್ ನೆನ್ಕಿನ್ (ರಾಷ್ಟ್ರೀಯ ಪಿಂಚಣಿ) ವ್ಯಾಪ್ತಿಗೆ ಬರುತ್ತಾರೆ. 2025-26ರಲ್ಲಿ ಅದರ ಕಂತು ತಿಂಗಳಿಗೆ 17,510 ಯೆನ್. ಕಟ್ಟಲು ಆಗದಿದ್ದರೆ ವಾರ್ಡ್ ಕಚೇರಿಯಲ್ಲಿ ವಿನಾಯಿತಿಗೆ ಅರ್ಜಿ ಹಾಕಿ, ಸುಮ್ಮನೆ ಬಿಡಬೇಡಿ. ಮುಂದೆ ಕಾಯಂ ನಿವಾಸಕ್ಕೆ ಅರ್ಜಿ ಹಾಕಿದಾಗ ಕಂತುಗಳನ್ನು ಗಡುವಿನೊಳಗೆ ಕಟ್ಟಿದ್ದೀರಾ ಎಂದು ನೋಡುತ್ತಾರೆ. ಕೆಲಸ ಬದಲಿಸುವಾಗ ನಡುವೆ ಬಿಟ್ಟುಹೋಗುವ ಒಂದೆರಡು ತಿಂಗಳೇ ಹೆಚ್ಚಿನವರಿಗೆ ತೊಡಕಾಗುವುದು.

ಒಟ್ಟು 10 ವರ್ಷ ಕಟ್ಟಿದರೆ 65ರಿಂದ ಜೀವನಪೂರ್ತಿ ಪಿಂಚಣಿ, ನೀವು ಭಾರತದಲ್ಲಿದ್ದರೂ ಸಿಗುತ್ತದೆ. 10 ವರ್ಷ ತುಂಬದೆ ಜಪಾನ್ ಬಿಟ್ಟವರು ದತ್ತಾಯ್ ಇಚಿಜಿಕಿನ್ ಎಂಬ ಇಡಿಗಂಟನ್ನು ಕೇಳಬಹುದು. ಕನಿಷ್ಠ 6 ತಿಂಗಳು ಕಟ್ಟಿರಬೇಕು. ಇಲ್ಲಿನ ವಿಳಾಸ ರದ್ದಾದ 2 ವರ್ಷದೊಳಗೆ ಅರ್ಜಿ ಹಾಕಬೇಕು. ಇಲ್ಲಿ ಲೆಕ್ಕ ಹಾಕಿಯೇ ಮುಂದುವರಿಯಬೇಕು.

ಬೋನಸ್ ಬಿಟ್ಟು ತಿಂಗಳಿಗೆ 3 ಲಕ್ಷ ಯೆನ್ ಸಂಬಳ ಎಂದುಕೊಳ್ಳಿ. ನಿಮ್ಮ ಪಾಲಿನ ಕಂತು 27,450 ಯೆನ್. 5 ವರ್ಷಕ್ಕೆ 16.47 ಲಕ್ಷ. ಇಡಿಗಂಟು 16.5 ಲಕ್ಷ, ಅಂದರೆ ನಿಮ್ಮ ಪಾಲು ವಾಪಸ್, ಕಂಪನಿಯ ಪಾಲು ಹೋಯಿತು. ಈಗಿನ ನಿಯಮದಂತೆ ಇಡಿಗಂಟು 60 ತಿಂಗಳಿಗೇ ನಿಲ್ಲುತ್ತದೆ. (ಇದನ್ನು 8 ವರ್ಷಕ್ಕೆ ಏರಿಸುವ ತೀರ್ಮಾನ 2025ರಲ್ಲಿ ಆಗಿದೆ, ನೀವು ಹೊರಡುವ ಹೊತ್ತಿಗೆ ಅದು ಜಾರಿಯಲ್ಲಿದೆಯೇ ನೋಡಿ.) 7 ವರ್ಷ ಕಟ್ಟಿದವರು 23 ಲಕ್ಷ ಕೊಟ್ಟು ಅದೇ 16.5 ಲಕ್ಷ ಪಡೆಯುತ್ತಾರೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ದುಡ್ಡು ಪಡೆದ ಕ್ಷಣ ಏಳೂ ವರ್ಷಗಳ ದಾಖಲೆ ಅಳಿಸಿಹೋಗುತ್ತದೆ. ಮತ್ತೆ ಜಪಾನಿಗೆ ಬಂದರೆ ಸೊನ್ನೆಯಿಂದ ಶುರು.

ಇದಕ್ಕೆ ಪರ್ಯಾಯವಿದೆ, ಹಲವರಿಗೆ ಗೊತ್ತಿಲ್ಲ. 2016ರ ಅಕ್ಟೋಬರ್ 1ರಿಂದ ಭಾರತ ಮತ್ತು ಜಪಾನಿನ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ. ಭಾರತದಲ್ಲಿ ಪಿಎಫ್‌ನ ಜೊತೆಗಿರುವ ನೌಕರರ ಪಿಂಚಣಿ ಯೋಜನೆಗೆ ಕಟ್ಟಿದ ಅವಧಿಯನ್ನು ಇಲ್ಲಿನ 10 ವರ್ಷದ ಅರ್ಹತೆಗೆ ಸೇರಿಸಿಕೊಳ್ಳಬಹುದು. ಅಲ್ಲಿ 3, ಇಲ್ಲಿ 7 ವರ್ಷ ಆಗಿದ್ದರೆ ಅರ್ಹತೆ ಸಿಕ್ಕಿತು. ಮೇಲಿನ ಸಂಬಳಕ್ಕೆ, 2025-26ರ ಮೊತ್ತದ ಪ್ರಕಾರ, ವರ್ಷಕ್ಕೆ ಸುಮಾರು 2.8 ಲಕ್ಷ ಯೆನ್ ಪಿಂಚಣಿ, 16.5 ಲಕ್ಷ ಆರು ವರ್ಷದಲ್ಲಿ ಬಂದುಬಿಡುತ್ತದೆ. ಆದ್ದರಿಂದ ಊರಿನ ಪಿಎಫ್ ಪಿಂಚಣಿಯ ಪಾಲನ್ನು ಮುರಿಸುವ ಮುನ್ನ ಎರಡು ಸಲ ಯೋಚಿಸಿ. ಹತ್ತಂಕಿಯ ಮೂಲ ನೆನ್ಕಿನ್ ಸಂಖ್ಯೆಯ ಕಾಗದವನ್ನು ಪಾಸ್‌ಪೋರ್ಟಿನ ಜೊತೆ ಇಡಿ.

ಭಾರತದ ಕಂಪನಿಯೇ 5 ವರ್ಷ ಮೀರದಂತೆ ಕಳಿಸಿದ್ದರೆ, ಪಿಎಫ್ ಸಂಸ್ಥೆಯ ಪ್ರಮಾಣಪತ್ರ ತೋರಿಸಿ ಇಲ್ಲಿನ ಕಂತಿನಿಂದ ವಿನಾಯಿತಿ ಪಡೆಯಬಹುದು.

ನೀಸಾ ಮೊದಲು, ಇಡೆಕೊ ಆಮೇಲೆ

ಹೂಡಿಕೆಗೂ ಮುಂಚೆ ಆರು ತಿಂಗಳ ಖರ್ಚನ್ನು ಸಾಮಾನ್ಯ ಖಾತೆಯಲ್ಲಿ ಯೆನ್‌ನಲ್ಲೇ ಇಡಿ. ಕೆಲಸ ಹೋದರೆ ವೀಸಾವೂ ಅಲುಗಾಡುತ್ತದೆ. ಇಲ್ಲಿಯೇ ಹುಟ್ಟಿದವರಿಗೆ ಆ ಭಯವಿಲ್ಲ, ನಮಗಿದೆ.

2024ರಲ್ಲಿ ಹೊಸ ರೂಪ ಪಡೆದ ನೀಸಾ ಎಂಬ ಹೂಡಿಕೆ ಖಾತೆಯಲ್ಲಿ ಲಾಭಕ್ಕೆ ತೆರಿಗೆಯಿಲ್ಲ. ಸಾಮಾನ್ಯ ಖಾತೆಯಲ್ಲಾದರೆ ಶೇ. 20.315 ಹೋಗುತ್ತದೆ. ವರ್ಷಕ್ಕೆ ಕಂತಿನ ಭಾಗದಲ್ಲಿ 12 ಲಕ್ಷ, ಬೆಳವಣಿಗೆಯ ಭಾಗದಲ್ಲಿ 24 ಲಕ್ಷ, ಜೀವಮಾನಕ್ಕೆ 180 ಲಕ್ಷ ಯೆನ್ ಮಿತಿ. ಯಾವಾಗ ಬೇಕಾದರೂ ಮಾರಿ ಹಣ ತೆಗೆಯಬಹುದು, ನಮ್ಮಂಥವರಿಗೆ ಇದು ಹೊಂದುವುದೇ ಅದಕ್ಕಾಗಿ. ಶುಲ್ಕ ಶೇ. 0.1ರ ಆಸುಪಾಸಿನಲ್ಲಿರುವ ಜಾಗತಿಕ ಇಂಡೆಕ್ಸ್ ಫಂಡೊಂದನ್ನು ಆನ್‌ಲೈನ್ ಬ್ರೋಕರ್ ಮೂಲಕ ತಿಂಗಳ ಕಂತಿಗೆ ಹಾಕಿದರೆ ಸಾಕು. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ತೋರಿಸುವ ದುಬಾರಿ ಫಂಡು, ವಿದೇಶಿ ಕರೆನ್ಸಿಯ ವಿಮೆ ಬೇಡ.

ಖಾತೆ ತೆರೆಯಲು ಮೈ ನಂಬರ್ (ಜಪಾನಿನ ಗುರುತಿನ ಸಂಖ್ಯೆ) ಕಾರ್ಡ್, ನಿವಾಸ ಕಾರ್ಡ್ ಬೇಕು. ನಮ್ಮವರ ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಹೆಸರಿನಿಂದ. ತಂದೆಯ ಹೆಸರು, ಊರಿನ ಹೆಸರು ಸೇರಿದ ಉದ್ದ ಹೆಸರನ್ನು ಬ್ಯಾಂಕು ಕತ್ತರಿಸಿ ಕತಕಾನಾ ಎಂಬ ಜಪಾನಿ ಲಿಪಿಯಲ್ಲಿ ಬರೆದಿರುತ್ತದೆ, ಬ್ರೋಕರ್ ಇನ್ನೊಂದು ಬಗೆಯಲ್ಲಿ ಬರೆಯುತ್ತಾನೆ. ಹಣ ವರ್ಗಾಯಿಸಿದರೆ ತಿರುಗಿ ಬರುತ್ತದೆ. ಮೊದಲ ಬ್ಯಾಂಕಿನ ಖಾತೆಯಲ್ಲಿ ಕತಕಾನಾ ಹೇಗಿದೆಯೋ, ಅಕ್ಷರ ಮತ್ತು ನಡುವಿನ ಜಾಗ ಸಮೇತ ಎಲ್ಲೆಡೆ ಹಾಗೇ ಬರೆಯಿರಿ.

ಇಡೆಕೊ ಎಂಬ ಸ್ವಂತ ಪಿಂಚಣಿ ಖಾತೆಗೆ ಹಾಕಿದ ಹಣವನ್ನು ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಪೂರ್ತಿ ಕಳೆಯುತ್ತಾರೆ. ಆದರೆ 60ರವರೆಗೆ ಮುಟ್ಟುವಂತಿಲ್ಲ. ಜಪಾನ್ ಬಿಟ್ಟವರಿಗೆ ಮುಂಚೆ ಕೊಡುವುದು ಕಟ್ಟಿದ ಅವಧಿ 5 ವರ್ಷದೊಳಗಿದ್ದರೆ ಅಥವಾ ಖಾತೆಯಲ್ಲಿ 2.5 ಲಕ್ಷ ಯೆನ್ ಮೀರದಿದ್ದರೆ, ಅದೂ ಬೇರೆ ಷರತ್ತುಗಳ ಜೊತೆ. ಇಲ್ಲೇ ನೆಲೆಸುವುದು ಖಚಿತವಾಗುವ ತನಕ ಕಾಯಿರಿ. ಕಂಪನಿಯ ಡಿಸಿ (ನೌಕರರ ಹೆಸರಿನಲ್ಲಿ ಹೂಡುವ ಪಿಂಚಣಿ) ಯೋಜನೆಯಲ್ಲಿದ್ದವರು ಕೆಲಸ ಬಿಟ್ಟ 6 ತಿಂಗಳೊಳಗೆ ವರ್ಗಾಯಿಸದಿದ್ದರೆ, ಆ ಹಣ ಹೂಡಿಕೆಯಿಂದ ಹೊರಬಂದು ನಗದಾಗಿ ಬಿದ್ದು, ಶುಲ್ಕಕ್ಕೆ ಕರಗುತ್ತಿರುತ್ತದೆ.

ಊರಿನ ದುಡ್ಡು

ಹಿಂದಿನ 10 ವರ್ಷದಲ್ಲಿ ಇಲ್ಲಿನ ವಾಸ 5 ವರ್ಷ ಮೀರದವರಿಗೆ, ಭಾರತದ ಬಾಡಿಗೆ ಮತ್ತು ಬಡ್ಡಿಯ ಮೇಲೆ ಜಪಾನಿನ ತೆರಿಗೆ ಬೀಳುವುದು ಹಣವನ್ನು ಇಲ್ಲಿಗೆ ತರಿಸಿಕೊಂಡರೆ ಮಾತ್ರ. 5 ವರ್ಷ ದಾಟಿದ ಮೇಲೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಎನ್‌ಆರ್‌ಇ (ವಿದೇಶದಲ್ಲಿ ದುಡಿದು ಊರಿಗೆ ಕಳಿಸಿದ ಹಣದ) ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ ಅಂದಮಾತ್ರಕ್ಕೆ ಇಲ್ಲೂ ಇಲ್ಲ ಎಂದುಕೊಳ್ಳುವವರು ಬಹಳ. ಅದನ್ನು ಮಾರ್ಚ್ 15ರೊಳಗಿನ ರಿಟರ್ನಿನಲ್ಲಿ ತೋರಿಸಲೇಬೇಕು. ಎನ್‌ಆರ್‌ಒ (ಭಾರತದಲ್ಲೇ ಹುಟ್ಟಿದ ಆದಾಯದ) ಖಾತೆಯ ಬಡ್ಡಿಗೆ ಅಲ್ಲಿ ಹಿಡಿಯುವ ತೆರಿಗೆಯನ್ನು, ಜಪಾನಿನ ತೆರಿಗೆ ನಿವಾಸಿ ಪ್ರಮಾಣಪತ್ರ ಕೊಟ್ಟು, ಎರಡೂ ದೇಶಗಳ ತೆರಿಗೆ ಒಪ್ಪಂದದಂತೆ ಶೇ. 10ಕ್ಕೆ ಇಳಿಸಿಕೊಳ್ಳಬಹುದು. ಆ 5 ವರ್ಷ ದಾಟಿದವರು, ಡಿಸೆಂಬರ್ 31ಕ್ಕೆ ತಮ್ಮ ವಿದೇಶದ ಆಸ್ತಿ 5 ಕೋಟಿ ಯೆನ್ ಮೀರಿದ್ದರೆ ಮುಂದಿನ ಜೂನ್ 30ರೊಳಗೆ ಪ್ರತ್ಯೇಕ ಪಟ್ಟಿ ಕೊಡಬೇಕು. ಊರಿನ ಸೈಟು, ಮನೆಯೂ ಅದರಲ್ಲಿ ಸೇರುತ್ತವೆ.

ಹೊರಡುವ ಮುನ್ನ ಬ್ರೋಕರ್‌ಗೆ ತಿಳಿಸಿ. ಸಾಮಾನ್ಯವಾಗಿ ನೀಸಾ ಖಾತೆಯನ್ನು ಮುಚ್ಚಬೇಕಾಗುತ್ತದೆ, ನಿವಾಸಿಯಾಗಿರುವಾಗಲೇ ಮಾರಿದರೆ ಗೊಂದಲ ಕಡಿಮೆ. ಇಡಿಗಂಟು ಪಡೆಯುವ ತೀರ್ಮಾನ ಮಾಡಿದ್ದರೆ, ಇಲ್ಲೇ ಉಳಿಯುವ ಒಬ್ಬರನ್ನು ನಿಮ್ಮ ತೆರಿಗೆ ಪ್ರತಿನಿಧಿಯೆಂದು ತೆರಿಗೆ ಕಚೇರಿಯಲ್ಲಿ ನಮೂದಿಸಿ. ಕೋಸೆಯ್ ಇಡಿಗಂಟಿನಿಂದ ಶೇ. 20.42 ಹಿಡಿಯುತ್ತಾರೆ. ಮೇಲಿನ ಉದಾಹರಣೆಯಲ್ಲಿ ಅದು 3,36,930 ಯೆನ್. ಪ್ರತಿನಿಧಿ ನಿಮ್ಮ ಪರವಾಗಿ 5 ವರ್ಷದೊಳಗೆ ಅರ್ಜಿ ಸಲ್ಲಿಸಿ ಅದನ್ನು ವಾಪಸ್ ಕೇಳಬಹುದು.